ಮಣಿಕಟ್ಟಿನ ಸೂಜಿಗೂ ಕಿಡ್ನಿಗೂ ಏನು ಸಂಬಂಧ?

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕು. ತಂದೆಗೆ 67 ವರ್ಷ. 15 ವರ್ಷದಿಂದ ಬಿಪಿ, 10 ವರ್ಷದಿಂದ ಸಕ್ಕರೆ ಕಾಯಿಲೆ. ಬಿಪಿಗೆ ಟೆಲ್ಮಿಸಾರ್ಟನ್, ಆಮ್ಲೋಡಿಪಿನ್ ತೆಗೆದುಕೊಳ್ಳುತ್ತಾರೆ. ಈಗ ದೊಡ್ಡ ಕರುಳಿನಲ್ಲಿ ಗಡ್ಡೆ ಸಿಕ್ಕಿದೆ, ಹೊಟ್ಟೆ ತೆರೆದು ಮಾಡುವ ಆಪರೇಷನ್‌ಗೆ ದಿನ ಗೊತ್ತಾಗಿದೆ. ಕಿಡ್ನಿ ಕುಗ್ಗಿದಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.4. ಅರಿವಳಿಕೆ ಡಾಕ್ಟರು “ಮಣಿಕಟ್ಟಿನ ರಕ್ತನಾಳಕ್ಕೆ ಸೂಜಿ ಹಾಕಿ ಕ್ಷಣಕ್ಷಣದ ಬಿಪಿ ನೋಡುತ್ತೇವೆ, ಕಿಡ್ನಿ ಉಳಿಸಿಕೊಳ್ಳಬೇಕು” ಎಂದರು. ಬಿಪಿ ಹೃದಯಕ್ಕೆ ಸಂಬಂಧಿಸಿದ್ದಲ್ಲವೇ? ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ಸಾಲದೇ? ನಮ್ಮ ಸಂಬಂಧಿಕರೊಬ್ಬರು ಇಂಥದೇ ಆಪರೇಷನ್ ಆದ ಮೇಲೆ ಡಯಾಲಿಸಿಸ್‌ಗೆ ಹೋಗಬೇಕಾಯಿತು. ಮನೆಯಲ್ಲಿ ಎಲ್ಲರಿಗೂ ಅದೇ ಭಯ. ನಾವು ಏನು ಕೇಳಬೇಕು, ಏನು ಮಾಡಬೇಕು?

ಉತ್ತರ: ನಿಮ್ಮ ಡಾಕ್ಟರು ಹೇಳಿದ್ದು ಸರಿ. ಆಪರೇಷನ್‌ಗೆ ಮುಂಚೆಯೇ ಕಿಡ್ನಿಯ ಮಾತು ತೆಗೆದರಲ್ಲ, ಅದೇ ಅವರ ಎಚ್ಚರಿಕೆಯನ್ನು ತೋರಿಸುತ್ತದೆ. ನಿಮ್ಮ ತಂದೆಯವರಿಗೆ ಆ ಸೂಜಿ ಬೇಕೇ ಬೇಕು ಎನ್ನುವುದು ನನ್ನ ಅಭಿಪ್ರಾಯ ಕೂಡ. ಯಾಕೆ ಎಂಬುದನ್ನು ನಿಮ್ಮ ಕಾಲುವೆಯಿಂದಲೇ ಶುರು ಮಾಡುತ್ತೇನೆ. ಸಿಂಧನೂರಿನವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಹೊಳೆಯುವುದಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರಿನ ಮಟ್ಟ ಒಂದಿಷ್ಟು ಇಳಿದರೆ ಮೊದಲು ಒಣಗುವುದು ಯಾರ ಗದ್ದೆ? ಮೇಲ್ಭಾಗದವರದ್ದಲ್ಲ, ಕೊನೆಭಾಗದವರದ್ದು. ಕಿಡ್ನಿಯೊಳಗೂ ಹಾಗೆಯೇ ಮೇಲ್ಭಾಗ, ಕೊನೆಭಾಗ ಇವೆ. ಎರಡೂ ಕಿಡ್ನಿ ಸೇರಿ 300 ಗ್ರಾಂ ಆಸುಪಾಸು ತೂಗುತ್ತವೆ. ಆದರೆ ಹೃದಯ ಹೊರಹಾಕುವ ರಕ್ತದಲ್ಲಿ ಐದರಲ್ಲೊಂದು ಪಾಲು, ನಿಮಿಷಕ್ಕೆ ಒಂದು ಲೀಟರಿನಷ್ಟು, ಅವಕ್ಕೇ ಹೋಗುತ್ತದೆ. ಇಷ್ಟು ಸಮೃದ್ಧಿಯಲ್ಲಿ ಕೊರತೆ ಹೇಗೆ ಬಂತು ಎಂದು ಕೇಳಬಹುದು. ಬಂದ ರಕ್ತದ ಬಹುಪಾಲು ಹೊರಪದರದಲ್ಲಿ ಸೋಸುವ ಕೆಲಸಕ್ಕೇ ಬಳಕೆಯಾಗುತ್ತದೆ, ಒಳತಿರುಳಿಗೆ ಸಿಗುವುದು ಹೆಚ್ಚೆಂದರೆ ಹತ್ತರಲ್ಲೊಂದು ಪಾಲು. ಉಪ್ಪನ್ನು ಹಿಂದಕ್ಕೆಳೆದು ರಕ್ತಕ್ಕೆ ಸೇರಿಸುವ ಭಾರದ ದುಡಿಮೆ ನಡೆಯುವುದು ಅಲ್ಲಿ. ಆಮ್ಲಜನಕ ಕಡಿಮೆ, ದುಡಿಮೆ ಹೆಚ್ಚು. ಮಾಮೂಲಿ ದಿನದಲ್ಲೂ ಆ ಜೀವಕೋಶಗಳು ಅಂಚಿನಲ್ಲೇ ಬದುಕುತ್ತವೆ. ಕಾಲುವೆಯಲ್ಲಿ ಮಟ್ಟ ಇಳಿದಾಗ ಮೊದಲು ಒಣಗುವ ಕೊನೆಭಾಗ ಅದೇ.

ಮಟ್ಟ ಇಳಿದಾಗ ಸುಧಾರಿಸಿಕೊಳ್ಳಲು ಕಿಡ್ನಿಗೆ ತನ್ನದೇ ಗೇಟುಗಳಿವೆ. ರಕ್ತ ಒಳಬರುವ ಸಣ್ಣ ನಾಳವನ್ನು ಅಗಲಿಸುತ್ತದೆ, ಹೊರಹೋಗುವ ನಾಳವನ್ನು ಬಿಗಿಯುತ್ತದೆ. ಕಾಲುವೆಗೆ ಅಡ್ಡಲಾಗಿರುವ ಗೇಟು ಇಳಿಸಿ, ಹಿಂದಿನ ನೀರಿನ ಮಟ್ಟ ಏರಿಸಿ ವಿತರಣಾ ನಾಲೆಗೆ ನೀರು ಹರಿಸುವುದಿಲ್ಲವೇ, ಅದೇ ಲೆಕ್ಕ. ಇದರಿಂದ ಬಿಪಿ ಒಂದಿಷ್ಟು ಏರಿಳಿದರೂ ಸೋಸುವ ಕೆಲಸ ನಿಲ್ಲುವುದಿಲ್ಲ. ಆದರೆ ಎಷ್ಟೋ ವರ್ಷ ಹೆಚ್ಚಿನ ಬಿಪಿಯಲ್ಲೇ ಇದ್ದ ಕಿಡ್ನಿಯ ನಾಳಗಳು ಗಡುಸಾಗಿರುತ್ತವೆ, ಅವು ಮೇಲಿನ ಮಟ್ಟಕ್ಕೇ ಒಗ್ಗಿಹೋಗಿರುತ್ತವೆ. ಇನ್ನೊಬ್ಬರಿಗೆ ಸಾಕಾಗುವ ಬಿಪಿ ನಿಮ್ಮ ತಂದೆಯವರ ಕಿಡ್ನಿಗೆ ಸಾಲದೇ ಹೋಗಬಹುದು. ಜೊತೆಗೆ ಟೆಲ್ಮಿಸಾರ್ಟನ್ ಕೆಲಸ ಮಾಡುವುದೇ ಆ ಹೊರಹೋಗುವ ನಾಳ ಬಿಗಿಯದಂತೆ ತಡೆದು. ಎಂದಿನ ದಿನಗಳಲ್ಲಿ ಅದು ಕಿಡ್ನಿಗೆ ಒಳ್ಳೆಯದು, ಸಕ್ಕರೆ ಕಾಯಿಲೆಯವರಿಗಂತೂ ಇನ್ನೂ ಒಳ್ಳೆಯದು. ಬಿಪಿ ಕುಸಿದ ದಿನ ಮಾತ್ರ ಬೇಕಾದ ಹೊತ್ತಿಗೆ ಗೇಟು ಇಳಿಸಲಾಗದ ಸ್ಥಿತಿ.

ಇನ್ನು ಅಂಕಿಗಳು. ನೀವು 140/80 ಎಂದು ಕೇಳುವ ಎರಡು ಸಂಖ್ಯೆಗಳ ಬದಲು ಓಟಿಯಲ್ಲಿ (ಆಪರೇಷನ್ ಥಿಯೇಟರಿನಲ್ಲಿ) ಅರಿವಳಿಕೆ ಡಾಕ್ಟರುಗಳಾದ ನಾವು ನೋಡುವುದು ಮೂರನೆಯದನ್ನು, ಸರಾಸರಿ ಒತ್ತಡವನ್ನು. ನಾವು ಅದನ್ನು ‘ಮೀನ್’ ಎನ್ನುತ್ತೇವೆ. ಲೆಕ್ಕ ಸುಲಭ: ಮೇಲಿನ ಸಂಖ್ಯೆಯಿಂದ ಕೆಳಗಿನದನ್ನು ಕಳೆದು, ಬಂದದ್ದರ ಮೂರನೇ ಒಂದು ಭಾಗವನ್ನು ಕೆಳಗಿನದಕ್ಕೆ ಸೇರಿಸಿ. ಮನೆಯಲ್ಲಿ ಅವರ ಬಿಪಿ 142/82 ಇದ್ದರೆ ಮೀನ್ 102. ಕಿಡ್ನಿಗೆ ರಕ್ತ ನೂಕುವ ಬಲವನ್ನು ಅಳೆಯಲು ಈ ಸಂಖ್ಯೆ ಹೆಚ್ಚು ಉಪಯೋಗ.

ಅರಿವಳಿಕೆ ಕೊಟ್ಟ ಮೊದಲ ಹತ್ತು ನಿಮಿಷ ಹೇಗಿರುತ್ತದೆ ಎಂದು ಹೇಳುತ್ತೇನೆ, ಆಗ ನಿಮಗೆ ಸೂಜಿಯ ಅಗತ್ಯ ತಾನಾಗಿ ಅರ್ಥವಾಗುತ್ತದೆ. ರೋಗಿ ಟೇಬಲ್ ಮೇಲೆ ಮಲಗಿರುತ್ತಾರೆ, ಹೆದರಿಕೆಗೆ ಬಿಪಿ 158/92. ಪ್ರೊಪೊಫಾಲ್ ಎಂಬ ಹಾಲಿನಂತೆ ಬಿಳಿಯಾದ ಔಷಧಿ ಡ್ರಿಪ್‌ನಲ್ಲಿ ಹೋಗುತ್ತದೆ. “ಕೈ ಸ್ವಲ್ಪ ಉರಿಯುತ್ತೆ, ಉದ್ದಕ್ಕೆ ಉಸಿರು ತಗೊಳ್ಳಿ ಅಪ್ಪಾರೆ” ಎಂದು ಹೇಳಿ ಮುಗಿಸುವಷ್ಟರಲ್ಲಿ ನಿದ್ದೆ. ಈ ಔಷಧಿ ಮೈಯ ರಕ್ತನಾಳಗಳನ್ನೆಲ್ಲ ಸಡಿಲಿಸುತ್ತದೆ. ಗಂಟಲಿಗೆ ನಳಿಕೆ ಹಾಕಿದ ಮೇಲೆ, ಸರ್ಜನ್ ಚಾಕು ಇಡುವವರೆಗೆ, ನೋವಿನ ಪ್ರಚೋದನೆ ಯಾವುದೂ ಇಲ್ಲದ ಒಂದು ಮೌನದ ಅವಧಿ ಬರುತ್ತದೆ. ಹೊಟ್ಟೆ ತೊಳೆದು ಬಟ್ಟೆ ಹೊದಿಸುವ ಹೊತ್ತು ಅದು. ಎಲ್ಲರೂ ತಮ್ಮ ತಮ್ಮ ತಯಾರಿಯಲ್ಲಿರುತ್ತಾರೆ. ಬಿಪಿ 84/46ಕ್ಕೆ ಜಾರುವುದು ಆಗಲೇ. ಮೀನ್ 59. ನೆತ್ತರ ಒಂದು ಹನಿಯೂ ಹೋಗಿಲ್ಲ, ಆಪರೇಷನ್ ಶುರುವೇ ಆಗಿಲ್ಲ, ಆದರೂ ಕಿಡ್ನಿಯ ಕೊನೆಭಾಗ ಬಾಯಾರಲು ಶುರುವಾಗಿರುತ್ತದೆ.

ತೋಳಿನ ಪಟ್ಟಿಯನ್ನು ಮೂರು ಅಥವಾ ಐದು ನಿಮಿಷಕ್ಕೊಮ್ಮೆ ಉಬ್ಬುವಂತೆ ಇಟ್ಟಿರುತ್ತೇವೆ. ಆ ಎರಡು ಅಳತೆಗಳ ನಡುವೆ ಬಿಪಿ ಬಿದ್ದು ಎದ್ದರೆ ನಮಗೆ ತಿಳಿಯುವುದೇ ಇಲ್ಲ. ಇನ್ನೊಂದು ತೊಂದರೆಯೂ ಇದೆ: ಬಿಪಿ ತೀರಾ ಕೆಳಗಿದ್ದಾಗ, ಅಂದರೆ ನಮಗೆ ಅತ್ಯಂತ ಅಗತ್ಯವಿದ್ದಾಗಲೇ, ಪಟ್ಟಿ ತಡವರಿಸುತ್ತದೆ. ಉಬ್ಬುತ್ತದೆ, ಇಳಿಯುತ್ತದೆ, ಮತ್ತೆ ಉಬ್ಬುತ್ತದೆ. ಪರದೆಯ ಮೇಲೆ ಅಂಕಿಯ ಬದಲು ಬರೀ ಗೆರೆ. ಕೊನೆಗೆ ತೋರಿಸಿದರೂ ಇರುವುದಕ್ಕಿಂತ ಹೆಚ್ಚು ತೋರಿಸುವ ಗುಣ ಅದಕ್ಕಿದೆ. ಮೂವತ್ತರ ಯುವಕನ ಹರ್ನಿಯಾಕ್ಕೆ ಪಟ್ಟಿ ಧಾರಾಳ ಸಾಕು. ಮೂರ್ನಾಲ್ಕು ಗಂಟೆ ಹೊಟ್ಟೆ ತೆರೆದಿಡುವ, ರಕ್ತವೂ ನೀರೂ ಹೋಗುವ ಆಪರೇಷನ್‌ಗೆ, ಅದರಲ್ಲೂ ಬಿಪಿ, ಸಕ್ಕರೆ, 1.4 ಕ್ರಿಯಾಟಿನಿನ್ ಇರುವವರಿಗೆ, ನಾನು ಪಟ್ಟಿಯೊಂದನ್ನೇ ನಂಬುವುದಿಲ್ಲ.

ಆ ಸೂಜಿಗೆ ನಮ್ಮ ಭಾಷೆಯಲ್ಲಿ ಆರ್ಟ್ ಲೈನ್. ಕೈಗೆ ಡ್ರಿಪ್ ಹಾಕುವಂಥದೇ ಸಣ್ಣ ಪ್ಲಾಸ್ಟಿಕ್ ನಳಿಕೆಯನ್ನು ಮಣಿಕಟ್ಟಿನಲ್ಲಿ ನಾಡಿ ನೋಡುವ ಜಾಗದ ಧಮನಿಗೆ ಹಾಕುತ್ತೇವೆ. ಆ ಜಾಗವನ್ನು ಮರಗಟ್ಟಿಸಿ ಎಚ್ಚರವಿರುವಾಗಲೇ ಹಾಕಬಹುದು. ನಿಮ್ಮ ತಂದೆಯವರಂಥವರಿಗೆ ನಾನು ಹಾಗೆಯೇ ಮಾಡುತ್ತೇನೆ, ಆಗಲೇ ಹೇಳಿದ ಮೊದಲ ಹತ್ತು ನಿಮಿಷ ಕೈತಪ್ಪಬಾರದೆಂದು. ನಳಿಕೆಯಿಂದ ಗಟ್ಟಿ ಟ್ಯೂಬ್ ಒಂದು ಟ್ರಾನ್ಸ್‌ಡ್ಯೂಸರ್ ಎಂಬ ಬೆಂಕಿಪೊಟ್ಟಣದಷ್ಟು ಸಾಧನಕ್ಕೆ ಹೋಗುತ್ತದೆ. ಅಲ್ಲಿಂದ ಮಾನಿಟರಿನಲ್ಲಿ ಹೃದಯದ ಪ್ರತಿ ಬಡಿತಕ್ಕೂ ಒಂದೊಂದು ಅಲೆ. ತತ್ವ ಹಳೆಯದು: ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಕುದುರೆಯೊಂದರ ಧಮನಿಗೆ ಗಾಜಿನ ಕೊಳವೆ ಜೋಡಿಸಿ, ರಕ್ತ 8 ಅಡಿ 3 ಅಂಗುಲ ಎತ್ತರಕ್ಕೆ ಏರಿದ್ದನ್ನು ಅಳೆದು 1733ರಲ್ಲಿ ಪ್ರಕಟಿಸಿದರು.

ಆ ಸಾಧನವನ್ನು ಯಾವ ಎತ್ತರದಲ್ಲಿ ಇಡುತ್ತೇವೆ ಎನ್ನುವುದು ಬಹಳ ಮುಖ್ಯ. ಅದು ಹೃದಯದ ಮಟ್ಟದಲ್ಲೇ ಇರಬೇಕು. 10 ಸೆಂಟಿಮೀಟರ್ ವ್ಯತ್ಯಾಸವಾದರೆ 7.5ರಷ್ಟು ಸುಳ್ಳು ಅಂಕಿ. ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷದಲ್ಲಿ ಹೀಗಾಯಿತು. ಆಪರೇಷನ್ ನಡುವೆ ಸರ್ಜನ್ “ಟೇಬಲ್ ಸ್ವಲ್ಪ ಮೇಲೆ” ಎಂದರು. ಟೇಬಲ್ ಒಂದು ಗೇಣು ಏರಿತು. ಟ್ರಾನ್ಸ್‌ಡ್ಯೂಸರ್ ಸ್ಟ್ಯಾಂಡಿಗೆ ಕಟ್ಟಿದ್ದದ್ದು ಅಲ್ಲೇ ಉಳಿಯಿತು. ಪರದೆಯಲ್ಲಿ ಮೀನ್ 72 ಎಂದು ನೋಡಿ ನಾನು ಸಮಾಧಾನದಲ್ಲಿದ್ದೆ. ಹತ್ತು ನಿಮಿಷದ ಮೇಲೆ ಓಟಿ ಟೆಕ್ನಿಷಿಯನ್ ಒಬ್ಬರು ನನ್ನ ಪಕ್ಕಕ್ಕೆ ಬಂದು, ಏನೂ ಹೇಳದೆ, ಸಾಧನವನ್ನು ಬಿಚ್ಚಿ ರೋಗಿಯ ಎದೆಯ ಮಟ್ಟಕ್ಕೆ ಹಿಡಿದರು. ಅಂಕಿ 57ಕ್ಕೆ ಇಳಿಯಿತು. ಆ ರೋಗಿಗೆ ಮುಂದೆ ತೊಂದರೆಯಾಗಲಿಲ್ಲ. ಅಂದಿನಿಂದ ನಾನು ಟ್ರಾನ್ಸ್‌ಡ್ಯೂಸರನ್ನು ಸ್ಟ್ಯಾಂಡಿಗೆ ಕಟ್ಟುವುದನ್ನು ಬಿಟ್ಟು ರೋಗಿಯ ತೋಳಿಗೇ ಅಂಟಿಸುತ್ತೇನೆ, ಟೇಬಲ್ ಏರಿದರೆ ಅದೂ ಏರಲಿ ಎಂದು.

ಸೂಜಿಯಿಂದ ಅಪಾಯವಿಲ್ಲವೇ? ಮಣಿಕಟ್ಟು ಕಂದುಗಟ್ಟುವುದು, ಒಂದೆರಡು ದಿನ ನೋವು ಇವು ಸಾಮಾನ್ಯ. ಅಂಗೈಗೆ ಎರಡು ಧಮನಿಗಳಿಂದ ರಕ್ತ ಬರುವುದರಿಂದ ಬೆರಳುಗಳಿಗೆ ರಕ್ತ ನಿಂತುಹೋಗುವುದು ತೀರಾ ಅಪರೂಪ. ಕಿಡ್ನಿ ಆಗಲೇ ಬಹಳ ಹದಗೆಟ್ಟು, ಮುಂದೆ ಡಯಾಲಿಸಿಸ್‌ಗೆ ಕೈಯಲ್ಲಿ ಫಿಸ್ಟುಲಾ (ಧಮನಿಯನ್ನು ಅಭಿಧಮನಿಗೆ ಜೋಡಿಸುವುದು) ಮಾಡಿಸಬೇಕಾದವರಲ್ಲಿ ಆ ಕೈಯ ನಾಳ ಉಳಿಸಲು ಬೇರೆ ಕಡೆ ಹಾಕುತ್ತೇವೆ. ನಿಮ್ಮ ತಂದೆಯವರು ಆ ಹಂತದಲ್ಲಿಲ್ಲ.

ಹಾಗಾದರೆ ಬಿಪಿ ಎಷ್ಟಿದ್ದರೆ ಕಿಡ್ನಿ ಸುರಕ್ಷಿತ? ಇಲ್ಲಿ ನಿಮಗೆ ಪ್ರಾಮಾಣಿಕ ಉತ್ತರ ಸಿಗಬೇಕು. 2013ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು ಹೃದಯದ್ದಲ್ಲದ ಸುಮಾರು 33 ಸಾವಿರ ಆಪರೇಷನ್‌ಗಳ ದಾಖಲೆ ತೆಗೆದು ನೋಡಿದರು. ಮೀನ್ 55ಕ್ಕಿಂತ ಕೆಳಗಿದ್ದದ್ದು ಒಂದರಿಂದ ಐದು ನಿಮಿಷವೇ ಆದರೂ ಕಿಡ್ನಿಗೆ ಪೆಟ್ಟು ಬಿದ್ದ ಪ್ರಮಾಣ ಹೆಚ್ಚಿತ್ತು. ನಿಮಿಷ ಹೆಚ್ಚಿದಷ್ಟೂ ಪೆಟ್ಟು ಹೆಚ್ಚು. ಮುಂದಿನ ಅಧ್ಯಯನಗಳಿಂದ 65 ಎಂಬ ಗೆರೆ ಬಂತು, ಇವತ್ತು ಬಹುತೇಕ ಓಟಿಗಳಲ್ಲಿ ಅದೇ ಅಲಾರಂ. ಆದರೆ ಬಿಪಿ ಇಳಿದವರಿಗೆ ಕಿಡ್ನಿ ತೊಂದರೆ ಆಯಿತು ಎಂದ ಮಾತ್ರಕ್ಕೆ, ಬಿಪಿ ಏರಿಸಿದರೆ ತೊಂದರೆ ತಪ್ಪುತ್ತದೆ ಎಂದು ಸಾಬೀತಾಗುವುದಿಲ್ಲ. ಅದನ್ನು ಪರೀಕ್ಷಿಸಿಯೇ ನೋಡಬೇಕು. 2017ರಲ್ಲಿ ಫ್ರಾನ್ಸಿನಲ್ಲಿ ನೋಡಿದರು. ಅಪಾಯ ಹೆಚ್ಚಿರುವ 292 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಅವರವರ ಎಂದಿನ ಮೇಲಿನ ಬಿಪಿಯ 10 ಶೇಕಡಾ ಆಚೀಚೆಯೇ ಕಾಯ್ದುಕೊಂಡರು. ಅಂಗಾಂಗಗಳಿಗೆ ತೊಡಕಾದವರು ಆ ಗುಂಪಿನಲ್ಲಿ ನೂರಕ್ಕೆ 38, ಇನ್ನೊಂದು ಗುಂಪಿನಲ್ಲಿ 52. ಹೆಚ್ಚಿನ ಲಾಭ ಕಂಡದ್ದು ಕಿಡ್ನಿಯಲ್ಲೇ. ಆಮೇಲೆ 2023ರಲ್ಲಿ 22 ದೇಶಗಳ 7,490 ರೋಗಿಗಳ ದೊಡ್ಡ ಅಧ್ಯಯನ ಪ್ರಕಟವಾಯಿತು. ಮೀನ್ 80ರ ಮೇಲಿಡಲು ಶ್ರಮಿಸಿದ ಗುಂಪಿಗೂ 60ರ ಮೇಲಿದ್ದರೆ ಸಾಕೆಂದ ಗುಂಪಿಗೂ ಹೃದಯಾಘಾತ, ಪಾರ್ಶ್ವವಾಯುಗಳಂಥ ತೊಡಕುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ, ಎರಡರಲ್ಲೂ ನೂರಕ್ಕೆ 14.

ಇದರಿಂದ ನಾನು ಕಲಿತದ್ದು: ಎಲ್ಲರಿಗೂ ಒಂದೇ ಎತ್ತರದ ಅಂಕಿ ಹಿಡಿದು ಔಷಧಿ ಸುರಿಯುವುದರಲ್ಲಿ ಲಾಭವಿಲ್ಲ. ಆದರೆ 65ರ ಕೆಳಗೆ ಕಳೆಯುವ ನಿಮಿಷಗಳನ್ನು ಎಣಿಸಲೇಬೇಕು, ಮತ್ತು ಮನೆಯಲ್ಲಿ 102 ಇರುವವರನ್ನು ಮೂರು ಗಂಟೆ 66ರಲ್ಲಿಟ್ಟು ‘ಗೆರೆಯ ಮೇಲಿದ್ದಾರಲ್ಲ’ ಎಂದು ಸುಮ್ಮನಿರಬಾರದು. ನಿಮ್ಮ ತಂದೆಯವರು ನನ್ನ ಟೇಬಲ್ ಮೇಲಿದ್ದರೆ ನಾನು 80ರ ಆಸುಪಾಸಿನಲ್ಲಿ ಇಡಲು ನೋಡುತ್ತಿದ್ದೆ. ನಿಮ್ಮ ಡಾಕ್ಟರು 75 ಎಂದರೆ ಅದೂ ತಪ್ಪಲ್ಲ.

ಏರಿಸುವುದು ಹೇಗೆ ಎಂಬುದರಲ್ಲೂ ಕಿಡ್ನಿಯ ಹಣೆಬರಹ ಇದೆ. ಒತ್ತಡವೇ ಹರಿವಲ್ಲ. ದೇಹದಲ್ಲಿ ನೀರಿನಂಶವೇ ಕಡಿಮೆಯಿದ್ದಾಗ ನಾಳಗಳನ್ನು ಬಿಗಿಯುವ ಔಷಧಿಯಿಂದ ಅಂಕಿ ಚೆನ್ನಾಗಿ ಕಂಡರೂ ಕಿಡ್ನಿಗೆ ರಕ್ತ ಹೋಗದಿರಬಹುದು. ಹಾಗೆಂದು ಬರೀ ಡ್ರಿಪ್ ಬಾಟಲಿ ಏರಿಸುತ್ತ ಹೋದರೆ ಕರುಳು, ಶ್ವಾಸಕೋಶ ಊದಿಕೊಳ್ಳುತ್ತವೆ. ಒಂದು ಕಾಲಕ್ಕೆ ದ್ರವ ಆದಷ್ಟು ಕಡಿಮೆ ಕೊಡುವುದೇ ಒಳ್ಳೆಯದೆಂಬ ಮಾತು ಜೋರಾಗಿತ್ತು. 2018ರಲ್ಲಿ ಹೊಟ್ಟೆಯ ದೊಡ್ಡ ಆಪರೇಷನ್ ಆದ 3,000 ಜನರಲ್ಲಿ ನೋಡಿದಾಗ ತೀರಾ ಕಡಿಮೆ ದ್ರವ ಪಡೆದವರಲ್ಲಿ 8.6 ಶೇಕಡಾ, ಧಾರಾಳವಾಗಿ ಪಡೆದವರಲ್ಲಿ 5 ಶೇಕಡಾ ಜನರಿಗೆ ಕಿಡ್ನಿ ತೊಂದರೆ ಆಗಿತ್ತು. ಆದ್ದರಿಂದ ಹೋದಷ್ಟು ತುಂಬಿಸಬೇಕು, ಆಮೇಲೂ ನಾಳಗಳು ಸಡಿಲವಾಗಿದ್ದರೆ ನಾಳ ಬಿಗಿಯುವ ನಾರ್‌ಅಡ್ರಿನಲಿನ್ ಅಥವಾ ಫೀನೈಲೆಫ್ರಿನ್ ಬೇಕು. ತಕ್ಷಣಕ್ಕೆ ನಮ್ಮಲ್ಲಿ ಮೆಫೆಂಟರ್ಮಿನ್ ಕೂಡ ಬಳಕೆಯಲ್ಲಿದೆ. “ಬಿಪಿ ಏರಿಸೋ ಇಂಜೆಕ್ಷನ್ ಹಚ್ಚಿದ್ದಾರಂತೆ” ಎಂದು ಕೇಳಿದ ಕೂಡಲೇ ಹೊರಗೆ ಮನೆಯವರು ಅಳಲು ಶುರು ಮಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅರಿವಳಿಕೆಯ ಸಡಿಲವನ್ನು ಸರಿದೂಗಿಸಲು ಸಣ್ಣ ಪ್ರಮಾಣದಲ್ಲಿ ಅದು ಹೋಗುತ್ತಿದ್ದರೆ ಕೇಸು ಕೈಮೀರಿದೆ ಎಂದು ಅರ್ಥವಲ್ಲ. ಇನ್ನು ‘ಕಿಡ್ನಿಗೆ ಒಳ್ಳೆಯದು’ ಎಂದು ಹಿಂದೆ ಸಣ್ಣ ಪ್ರಮಾಣದ ಡೋಪಮಿನ್ ಹಚ್ಚುತ್ತಿದ್ದೆವು. ಅದರಿಂದ ಕಿಡ್ನಿ ಉಳಿಯುವುದಿಲ್ಲ ಎಂದು 2000ರಲ್ಲೇ ತಿಳಿಯಿತು. ಮೂತ್ರ ಬರಿಸುವ ಫ್ಯೂರೋಸೆಮೈಡ್ ಕೂಡ ಹಾಗೆಯೇ, ಮೂತ್ರದ ಚೀಲ ತುಂಬುತ್ತದೆ, ಕಿಡ್ನಿ ಉಳಿಯುವುದಿಲ್ಲ.

ಈಗ ನೀವು ಮಾಡಬಹುದಾದದ್ದು. ಇವತ್ತಿನಿಂದ ಆಪರೇಷನ್‌ವರೆಗೆ ಮನೆಯಲ್ಲಿ ಬೆಳಿಗ್ಗೆ, ಸಂಜೆ ಐದು ನಿಮಿಷ ಕೂತು ವಿಶ್ರಾಂತಿ ಪಡೆದ ಮೇಲೆ ಬಿಪಿ ನೋಡಿ, ಒಂದು ಹಾಳೆಯಲ್ಲಿ ಬರೆದು ಡಾಕ್ಟರ ಕೈಗೆ ಕೊಡಿ. ಆಸ್ಪತ್ರೆಯಲ್ಲಿ ಹೆದರಿಕೆಯಲ್ಲಿ ನೋಡಿದ 170 ನಮಗೆ ದಾರಿ ತಪ್ಪಿಸುತ್ತದೆ, ನಿಮ್ಮ ಹಾಳೆಯೇ ನಮ್ಮ ಅಳತೆಗೋಲು. ಟೆಲ್ಮಿಸಾರ್ಟನ್ ಬಗ್ಗೆ ನೇರವಾಗಿ ಕೇಳಿ: “ಕೊನೆಯ ಮಾತ್ರೆ ಯಾವಾಗ?” ಸಾಮಾನ್ಯವಾಗಿ 24 ಗಂಟೆ ಮುಂಚೆ ನಿಲ್ಲಿಸಲು ಹೇಳುತ್ತೇವೆ. 2024ರಲ್ಲಿ ಫ್ರಾನ್ಸಿನ 2,222 ರೋಗಿಗಳ ಅಧ್ಯಯನದಲ್ಲಿ ಈ ಬಗೆಯ ಮಾತ್ರೆ ಮುಂದುವರಿಸಿದವರಿಗೂ ನಿಲ್ಲಿಸಿದವರಿಗೂ ಸಾವು, ದೊಡ್ಡ ತೊಡಕುಗಳಲ್ಲಿ ವ್ಯತ್ಯಾಸ ಬರಲಿಲ್ಲ, ಆದರೆ ಮುಂದುವರಿಸಿದವರಲ್ಲಿ ಓಟಿಯೊಳಗೆ ಬಿಪಿ ಕುಸಿತ ಹೆಚ್ಚಿತ್ತು. ಆಮ್ಲೋಡಿಪಿನ್ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ನೀವಾಗಿ ಯಾವುದನ್ನೂ ಬಿಡಬೇಡಿ.

ನೀರಿನ ವಿಷಯ ಇನ್ನೂ ಮುಖ್ಯ. ಕರುಳು ಖಾಲಿ ಮಾಡಲು ಔಷಧಿ ಕುಡಿಸಿದರೆ ರಾತ್ರಿಯಿಡೀ ಭೇದಿಯಾಗಿ ಮೈಯ ನೀರು ಹೋಗುತ್ತದೆ. ಅದರ ಮೇಲೆ “ರಾತ್ರಿ ಹತ್ತರಿಂದ ಏನೂ ಕೊಡಬೇಡಿ” ಎಂದು ಯಾರೋ ಹೇಳಿ, ಆಪರೇಷನ್ ಮಧ್ಯಾಹ್ನ ಎರಡಕ್ಕೆ ಹೋಗಿ, ರೋಗಿ ನಾಲಿಗೆ ಒಣಗಿಸಿಕೊಂಡು ಟೇಬಲ್‌ಗೆ ಬರುತ್ತಾರೆ. ಅಂಥವರ ಬಿಪಿ ಪ್ರೊಪೊಫಾಲ್ ಹೋದ ಕೂಡಲೇ ಪಾತಾಳಕ್ಕೆ. ಬರೀ ನೀರನ್ನು ಅರಿವಳಿಕೆಗೆ ಎರಡು ಗಂಟೆ ಮುಂಚಿನವರೆಗೂ ಕುಡಿಯಬಹುದು ಎಂಬುದು ಈಗ ಒಪ್ಪಿತ ನಿಯಮ. ಸಕ್ಕರೆ ಕಾಯಿಲೆಯಿಂದ ಹೊಟ್ಟೆ ನಿಧಾನವಾಗಿ ಖಾಲಿಯಾಗುವವರಿಗೆ ಬೇರೆ ಹೇಳಬಹುದು, ಅದಕ್ಕೇ ಗಂಟೆ ಕೇಳಿ ಬರೆದುಕೊಳ್ಳಿ. ಮಧ್ಯಾಹ್ನಕ್ಕೆ ಮುಂದೂಡಿದರೆ ಬೆಳಿಗ್ಗೆಯೇ ಡ್ರಿಪ್ ಹಾಕಿಸಬಹುದೇ ಎಂದೂ ಕೇಳಿ.

ಆಪರೇಷನ್ ಮುಗಿದ ಮೇಲೆ ಮನೆಯವರು ಮೊದಲು ನೋಡುವುದು ಮೂತ್ರದ ಚೀಲವನ್ನು. ಅರಿವಳಿಕೆಯಿಂದ, ಆಪರೇಷನ್ನಿನ ಒತ್ತಡದಿಂದ ದೇಹ ನೀರು ಹಿಡಿದಿಟ್ಟುಕೊಳ್ಳುವುದರಿಂದ ಆ ದಿನ ಮೂತ್ರ ಕಡಿಮೆಯಾಗುವುದು ಸಹಜ, ಅದೊಂದರಿಂದ ಗಾಬರಿಯಾಗಬೇಡಿ. ಸತತ ಆರು ಗಂಟೆ, ತೂಕದ ಪ್ರತಿ ಕಿಲೋಗೆ ಗಂಟೆಗೆ ಅರ್ಧ ಮಿಲಿಲೀಟರಿಗಿಂತ ಕಡಿಮೆಯಾದರೆ ಡಾಕ್ಟರು ನೋಡಬೇಕು. 60 ಕಿಲೋ ಇದ್ದರೆ ಅದು ಗಂಟೆಗೆ 30 ಮಿಲಿಲೀಟರ್. ಓಟಿಯಲ್ಲಿ ಪ್ರತಿ ಬಡಿತ ನೋಡಿದ ರೋಗಿಯ ಬಿಪಿಯನ್ನು ವಾರ್ಡಿನಲ್ಲಿ ನಾಲ್ಕು ಅಥವಾ ಆರು ಗಂಟೆಗೊಮ್ಮೆ ನೋಡುತ್ತಾರೆ. ನೋವು ಕಡಿಮೆ ಮಾಡಲು ಬೆನ್ನಿಗೆ ಟ್ಯೂಬ್ ಹಾಕಿದ್ದರೆ ಅದೂ ಬಿಪಿ ಇಳಿಸುತ್ತದೆ. ಮೊದಲ ಎರಡು ರಾತ್ರಿ ಜೊತೆಗಿರುವವರು ಅಪ್ಪನಿಗೆ ತಲೆ ಸುತ್ತು, ಮಂಪರು, ಕೈಕಾಲು ತಣ್ಣಗಾಗುವುದು ಕಂಡರೆ ಸಿಸ್ಟರನ್ನು ಕರೆದು ಬಿಪಿ ನೋಡಿಸಿ, ಬೆಳಗಾಗಲಿ ಎಂದು ಕಾಯಬೇಡಿ.

ನೋವಿಗೆ ಡೈಕ್ಲೋಫೆನಾಕ್ ಬೇಡ ಎಂದು ಈಗಲೇ ಕೇಸ್‌ಶೀಟಿನಲ್ಲಿ ಬರೆಸಿ. ಕಿಡ್ನಿಗೆ ರಕ್ತ ಒಳಬರುವ ಗೇಟನ್ನು ಅದು ಮುಚ್ಚುತ್ತದೆ. ಬಿಪಿ ಕುಸಿತ, ಟೆಲ್ಮಿಸಾರ್ಟನ್, ಡೈಕ್ಲೋಫೆನಾಕ್ ಮೂರೂ ಸೇರಿದರೆ ಕಿಡ್ನಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ. ನಿಮ್ಮ ಸಂಬಂಧಿಕರಿಗೆ ಏನಾಯಿತೋ ದಾಖಲೆ ನೋಡದೆ ಹೇಳಲಾರೆ, ಸೋಂಕಿನಿಂದಲೂ ಹೀಗಾಗುತ್ತದೆ.

ಕ್ರಿಯಾಟಿನಿನ್ ಪೆಟ್ಟು ಬಿದ್ದ ದಿನವೇ ಏರುವುದಿಲ್ಲ, ಒಂದೆರಡು ದಿನ ತಡವಾಗಿ ಏರುತ್ತದೆ. ಆದ್ದರಿಂದ ಮೊದಲ ಮೂರು ಬೆಳಿಗ್ಗೆಯೂ ಪರೀಕ್ಷೆ ಇದೆಯೇ ಎಂದು ಕೇಳಿ. 1.4 ಇದ್ದದ್ದು 48 ಗಂಟೆಯೊಳಗೆ 1.7 ಆದರೆ, ಮೂತ್ರ ಚೆನ್ನಾಗಿ ಬರುತ್ತಿದ್ದರೂ, ಅದು ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂಬ ಲೆಕ್ಕವೇ. ಆ ಹಂತದಲ್ಲಿ ಹಿಡಿದರೆ ಹೆಚ್ಚಿನವರು ಡಯಾಲಿಸಿಸ್ ಇಲ್ಲದೆ ಚೇತರಿಸಿಕೊಳ್ಳುತ್ತಾರೆ. ಬಿಪಿಯೂ ಕ್ರಿಯಾಟಿನಿನ್ನೂ ಒಂದು ಹದಕ್ಕೆ ಬಂದ ಮೇಲೆ ಟೆಲ್ಮಿಸಾರ್ಟನ್ ಮತ್ತೆ ಯಾವತ್ತಿನಿಂದ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ನಿಲ್ಲಿಸಿದ್ದನ್ನು ಶುರು ಮಾಡಲು ಮರೆತು ತಿಂಗಳುಗಟ್ಟಲೆ ಮಾತ್ರೆಯಿಲ್ಲದೆ ಇದ್ದವರು ನನ್ನ ಹತ್ತಿರ ಬಂದಿದ್ದಾರೆ. ಏರಿದ್ದು ಇಳಿದಿದ್ದರೂ ಮೂರು ತಿಂಗಳ ಮೇಲೆ ಒಮ್ಮೆ ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರೊಟೀನ್ ಪರೀಕ್ಷೆ ಮಾಡಿಸಿ.